ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು

ನನಗೆ ದೆವ್ವದ ಮೇಲೆ ನಂಬಿಕೆಯಿರಲಿಲ್ಲ, ಮೀಟರಿನ ಮೇಲಿತ್ತು. ಇಚಲಕರಂಜಿಯ ಬಾಬಾಸಾಹೇಬರ ಮಗ್ಗದ ಶೆಡ್ಡಿನಲ್ಲಿ ನಾನು ವಾಯರಮನ್. ಹೆಂಡತಿ ಕಲ್ಲವ್ವ ಅಲ್ಲೇ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಶೆಡ್ಡಿನ ಹಿಂದೆ, ಸೋರಿದ ಕರೆಂಟನ್ನು ನೆಲಕ್ಕಿಳಿಸಲು ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿಯಿತ್ತು. ಅದು ಒಣಗಿದರೆ ಮಗ್ಗದ ಕಬ್ಬಿಣ ಮುಟ್ಟಿದವರಿಗೆ ಶಾಕ್ ಹೊಡೆದೀತೆಂದು ಕಲ್ಲವ್ವ ದಿನಾ ಬೆಳಿಗ್ಗೆ ಏಳಕ್ಕೆ ಅದಕ್ಕೊಂದು ಕೊಡ ನೀರು ಸುರಿಯುತ್ತಿದ್ದಳು.

೧೯೮೨ರ ಮಳೆಗಾಲದಲ್ಲಿ ಅರ್ಥಿಂಗ್ ಅಳೆಯುವ ಹೊಸ ಕೈಮೀಟರು ಬಂತು. ಗುಂಡಿಗೆ ಹಚ್ಚಿ ಅಳೆದೆ. ಮುಳ್ಳು ಒಂದು ಓಮಿಗೆ ನಿಂತಿತು. ಎಷ್ಟು ಕಡಿಮೆಯೋ ಅಷ್ಟು ಕ್ಷೇಮ. ಆಕೆಗೆ ಸೊಂಟನೋವು ಬೇರೆ ಇತ್ತು, ಕೊಡ ಇಸಿದುಕೊಂಡೆ.

"ಇನ್ನ ನೀರ ಹಾಕಬ್ಯಾಡ. ಮೀಟರ್ ಭಾಳ ಚಲೋ ತೋರಸ್ತೈತಿ."

"ನಿಮ್ಮ ಮೀಟರಿಗೆ ಬ್ಯಾಸಗಿ ಬರೂದು ತಿಳಿತೈತೇನ್ರಿ?" ಅಂದಳು. ನಾನು ನಕ್ಕೆ.

ಮರುವರ್ಷದ ಏಪ್ರಿಲಿನಲ್ಲಿ ಗುಂಡಿ ಒಣಗಿ, ಮಗ್ಗ ಮುಟ್ಟಿ ಶಾಕ್ ಹೊಡೆದು ಸತ್ತವಳು ಆಕೆಯೇ.

ಮೇ ತಿಂಗಳ ಒಂದು ಬೆಳಿಗ್ಗೆ ಅದೇ ಗುಂಡಿಗೆ ಮೀಟರು ಹಚ್ಚಿ ಹಿಡಿಕೆ ತಿರುಗಿಸಿದೆ. ಇಪ್ಪತ್ತು ತೋರಿಸಿತು. ಅಷ್ಟರಲ್ಲಿ ಏಳು ಗಂಟೆಯ ಗಿರಣಿ ಭೋಂಗಾ ಕೂಗಿತು. ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಹನ್ನೆರಡು, ಐದು, ಒಂದು. ಒಂದು ಕೊಡ ಬರಿದಾಗುವಷ್ಟೇ ಹೊತ್ತು. ನೀರು ಬಿದ್ದಂತೆ ನನ್ನ ಪಾದಗಳು ತಣ್ಣಗಾದವು. ಬಗ್ಗಿ ಮಣ್ಣು ಹಿಡಿದೆ. ಬೆರಳ ಸಂದಿನಿಂದ ಧೂಳಾಗಿ ಉದುರಿತು.

"ಅರ್ಥಿಂಗ್ ಹೆಂಗೈತಿ?" ಬಾಬಾಸಾಹೇಬರು ಒಳಗಿನಿಂದ ಕೂಗಿದರು.

"ಚಲೋ ಐತ್ರಿ" ಅಂದೆ.

ಅಂದಿನಿಂದ ದಿನಾ ಏಳಕ್ಕೆ ನಾನೇ ಕೊಡ ಹೊತ್ತು ಹೋಗುತ್ತೇನೆ. ನಾನು ಸುರಿಯುವ ಮೊದಲೇ ಮುಳ್ಳು ಒಂದಕ್ಕೆ ಬಂದಿರುತ್ತದೆ.