ನರ್ಸಪ್ಪನ ಕಡುನೀಲಿ ಕೋಣೆ

ಅವನ ಮೂಗು ಒಡೆದವಳು ನಾನೇ. ಅದೂ ಬಣ್ಣ ಹೊಡೆಯುವ ರೋಲರಿನ ಉದ್ದ ಕೋಲಿನಿಂದ, ಬಂದವನು ಯಾರು ಅಂತ ತಿರುಗಿ ನೋಡುವುದಕ್ಕೂ ಮೊದಲೇ. ಪ್ರೀತಿ ಹೀಗೂ ಶುರುವಾಗುತ್ತದಾ ಎಂದು ಕೇಳಬೇಡಿ. ನಮ್ಮದು ಹೀಗೇ ಶುರುವಾಯಿತು.

ನಾನು ಮನೆಗಳಿಗೆ ಬಣ್ಣ ಹೊಡೆಯುವವಳು. ಹೋದ ಮನೆಯಲ್ಲೆಲ್ಲ ಮೊದಲು ಹೇಳುವ ಮಾತು ಒಂದೇ: ಹಿಂದಿನಿಂದ ಬಂದು ಮುಟ್ಟಬೇಡಿ, ಬಾಗಿಲಲ್ಲೇ ನಿಂತು ಕೂಗಿ. ಯಾಕೆ ಅಂತ ಯಾರೂ ಕೇಳುವುದಿಲ್ಲ, ನಾನೂ ಹೇಳಲು ಹೋಗುವುದಿಲ್ಲ. ನನ್ನನ್ನು ಕಟ್ಟಿಕೊಂಡಿದ್ದವನು ಯಾವಾಗಲೂ ಹಿಂದಿನಿಂದಲೇ ಬರುತ್ತಿದ್ದ. ಅವನ ಬೀದಿಯವರು ಅವನನ್ನು ಪೈಲ್ವಾನ ಎನ್ನುತ್ತಿದ್ದರು. ಆ ಪೈಲ್ವಾನ ಕುಸ್ತಿ ಮಾಡಿದ್ದೆಲ್ಲ ಮನೆಯೊಳಗೆ, ನನ್ನ ಜೊತೆ. ಪಕ್ಕೆಲುಬು ಮುರಿಸಿಕೊಂಡು, ಹೊಟ್ಟೆಯಲ್ಲಿದ್ದ ಕೂಸನ್ನೂ ಕಳೆದುಕೊಂಡು, ಕೋರ್ಟಿನಲ್ಲಿ ಡೈವೋರ್ಸ್ ತಗೊಂಡು ಅಮ್ಮನ ಮನೆ ಸೇರಿದ್ದೆ.

ಇನ್ನು ಗಂಡಸರ ಸಹವಾಸವೇ ಸಾಕು ಅಂದುಕೊಂಡಿದ್ದೆ. ಆದರೆ ನಿಜ ಹೇಳಬೇಕೆಂದರೆ, ಗಂಡಸರಿಗಿಂತ ನನ್ನ ಕೈಯ ಭಯವೇ ನನಗೆ ಹೆಚ್ಚಾಗಿತ್ತು. ಯಾರಾದರೂ ಸ್ವಲ್ಪ ದನಿ ಏರಿಸಿದರೆ ಸಾಕು, ಮುಷ್ಟಿ ತಾನಾಗಿಯೇ ಬಿಗಿಯುತ್ತಿತ್ತು. ಒಂದಲ್ಲ ಒಂದು ದಿನ ಯಾರನ್ನಾದರೂ ಕೊಂದೇ ಬಿಡುತ್ತೇನೆ, ಆಮೇಲೆ ಆ ಪೈಲ್ವಾನನಿಗೂ ನನಗೂ ಏನು ವ್ಯತ್ಯಾಸ ಎಂಬ ಯೋಚನೆ ಬಂದರೆ ಊಟ ಸೇರುತ್ತಿರಲಿಲ್ಲ.

ಮೂಗು ಒಡೆಸಿಕೊಂಡವನು ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನ ನರ್ಸು. ಖಾಯಂ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ನಾನು ಮನಸ್ಸಿನಲ್ಲೇ ಅವನಿಗೆ ನರ್ಸಪ್ಪ ಎಂದು ಹೆಸರಿಟ್ಟಿದ್ದೆ. ಬೆಡ್‌ರೂಮಿನ ನಾಲ್ಕೂ ಗೋಡೆ, ಸೀಲಿಂಗ್, ಬಾಗಿಲು ಎಲ್ಲಕ್ಕೂ ಕಪ್ಪಿಗೆ ಹತ್ತಿರದ ಕಡುನೀಲಿ ಬೇಕು ಅಂದಾಗ, ಬುದ್ಧಿ ನೆಟ್ಟಗಿದೆಯಾ ಎಂದು ಕೇಳುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವನ ಅಕ್ಕ ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ ಅದನ್ನೇ ಕೇಳುತ್ತಿದ್ದಳು. ಮದುವೆಯ ವಯಸ್ಸಿನವನು ಗುಹೆ ಮಾಡಿಕೊಂಡು ಕೂತರೆ ಯಾವ ಹುಡುಗಿ ಒಳಗೆ ಕಾಲಿಡುತ್ತಾಳೆ ಎಂದು ಆ ಅಕ್ಕನಿಗೆ ಚಿಂತೆ. ಒಬ್ಬಳು ಆಗಲೇ ಏಣಿ ಹತ್ತಿ ನಿಂತಿದ್ದಾಳೆ ಬಿಡು ಎಂದು ಅವನು ನನಗೆ ಕೇಳಿಸುವ ಹಾಗೇ ಹೇಳಿದ. ನಾನು ಕೇಳಿಸದವಳ ಹಾಗೆ, ಬಣ್ಣ ತಾಗದಿರಲೆಂದು ಕಿಟಕಿಯ ಅಂಚಿಗೆ ಟೇಪ್ ಅಂಟಿಸುತ್ತಾ ಇದ್ದೆ.

ಯಾಕೆ ಇಷ್ಟು ಗಾಢ ಎಂದು ಕಡೆಗೆ ಕೇಳಿಯೇ ಬಿಟ್ಟೆ. ವಾರ್ಡಿನಲ್ಲಿ ಗೋಡೆ ಬಿಳಿ, ಲೈಟು ಬಿಳಿ, ಹಾಸಿಗೆ ಬಿಳಿ, ಅದರ ಮೇಲೆ ರಾತ್ರಿಯೆಲ್ಲ ರಕ್ತ ಎಂದ. ಚಾಕು ಹಾಕಿಸಿಕೊಂಡವರು, ಲಾರಿಯಡಿ ಸಿಕ್ಕವರು, ಮನೆಯಲ್ಲಿ ಬಿದ್ದೆ ಎಂದು ಸುಳ್ಳು ಹೇಳುವ ಹೆಂಗಸರು. ಮನೆಗೆ ಬಂದು ಮಲಗಿದರೆ ಬಿಳಿ ಗೋಡೆಯ ಮೇಲೆ ಮತ್ತೆ ಅದೇ ಕಾಣುತ್ತದಂತೆ. ಮನೆಯಲ್ಲಿ ಬಿದ್ದೆ ಎಂದು ಸುಳ್ಳು ಹೇಳಿದವರಲ್ಲಿ ನಾನೂ ಒಬ್ಬಳು. ಡಬ್ಬ ತೆರೆದು ಬಣ್ಣ ಕಲಸಲು ಕೂತೆ.

ಮಾರನೇ ದಿನ ಏಣಿ ಸ್ವಲ್ಪ ಅಲುಗಾಡಿತು. ನಡುಮನೆಯ ಸೋಫಾದಲ್ಲಿ ಮಲಗಿದ್ದವನು ಸದ್ದಿಗೆ ಎದ್ದು, ನಿದ್ದೆಗಣ್ಣಿನಲ್ಲೇ ಓಡಿ ಬಂದು, ಬೀಳುತ್ತಾಳೆಂದು ಹಿಂದಿನಿಂದ ನನ್ನ ಸೊಂಟ ಹಿಡಿದ. ಕೋಲು ಬೀಸಿದ್ದು ನನಗೆ ಗೊತ್ತೇ ಆಗಲಿಲ್ಲ. ಮೂಳೆ ಲಟಕ್ಕೆಂದದ್ದು ಮಾತ್ರ ಕೇಳಿಸಿತು. ಅವನು ಹಸಿ ಗೋಡೆಗೆ ಒರಗಿ ಹಾಗೇ ಜಾರಿ ಕೂತ. ಗೋಡೆಯ ಮೇಲೆ ಅವನ ತಲೆ, ಎರಡೂ ಅಂಗೈ ಅಚ್ಚಾಗಿ ಬಿದ್ದಿದ್ದವು.

ನಾನು ಕೋಲು ಬಿಸಾಕಿ ಏಣಿಯಿಂದ ಇಳಿದೆ. ಅವನು ಮೂಗು ಹಿಡಿದುಕೊಂಡು ನನಗೇ ಪಾಠ ಶುರು ಮಾಡಿದ. ತಲೆ ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಬೇಕಂತೆ, ಐಸು ಬಟ್ಟೆಯಲ್ಲಿ ಸುತ್ತಿ ತರಬೇಕಂತೆ. ತಂದುಕೊಟ್ಟೆ.

"ವಾರ್ಡಲ್ಲಿ ಕುಡಿದವರೆಲ್ಲ ಹೊಡೀತಾರೆ" ಎಂದ. "ಕುಡಿಯದೇ ಹೊಡೆದವರು ನೀವೇ ಮೊದಲು, ಪೇಂಟರಮ್ಮ."

ನಗು ಬಂತು. ನಗುತ್ತಾ ನಗುತ್ತಾ ಅಳುವೂ ಬಂತು. ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟೆ.

ಹೊಳಪಿಲ್ಲದ ಈ ಮ್ಯಾಟ್ ಬಣ್ಣದ ಗ್ರಹಚಾರವೇ ಹೀಗೆ. ತಿಳಿ ಬಣ್ಣವಾದರೆ ಕೆಟ್ಟ ಜಾಗಕ್ಕಷ್ಟೇ ಒಂದು ಕೈ ಎಳೆದು ಮುಗಿಸಬಹುದು. ಕಡುನೀಲಿಯಲ್ಲಿ ಆ ತೇಪೆ ಬೇರೆಯಾಗಿ ಎದ್ದು ಕಾಣುತ್ತದೆ, ಮೂಲೆಯಿಂದ ಮೂಲೆಗೆ ಗೋಡೆಯನ್ನೇ ಮತ್ತೆ ಹೊಡೆಯಬೇಕು. ಕೆಲಸ ಬೆಳೆಯಿತು. ಅವನಿಗೆ ಅದರ ಬೇಸರವೇನೂ ಇದ್ದಂತಿರಲಿಲ್ಲ, ನನಗಂತೂ ಇರಲಿಲ್ಲ. ಮೂಗಿಗೆ ಪ್ಲಾಸ್ಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತು, ಬರ್ತಾ ಇದೀನಿ, ಆಯುಧ ಕೆಳಗಿಡಿ ಎಂದು ಕೂಗಿಯೇ ಒಳಗೆ ಬರುತ್ತಿದ್ದ. ನನ್ನ ರೆಪ್ಪೆಗೆ ನೀಲಿ ಸಿಡಿದಿದ್ದರೆ ಕಣ್ಣು ಕಿರಿದು ಮಾಡಿ ನೋಡುತ್ತಾ ನಿಲ್ಲುತ್ತಿದ್ದ. ಏನು ಎಂದು ಗದರಿದರೆ ಗೋಡೆ ನೋಡ್ತಿದೀನಿ ಎನ್ನುತ್ತಿದ್ದ. ಗೋಡೆ ಇದ್ದದ್ದು ಆ ಕಡೆ.

ಒಂದು ದಿನ ನಾನಾಗಿಯೇ ಪೈಲ್ವಾನನ ಕತೆ ಹೇಳಿದೆ. ಪಾಪ ಎನ್ನುತ್ತಾನೆ ಅಂದುಕೊಂಡಿದ್ದೆ. ಅವನು ಯಾವ ಪಕ್ಕೆಲುಬು ಎಂದು ಕೇಳಿದ. ಚಳಿಗೆ ನೋಯುತ್ತದಾ, ಏಣಿಯ ಮೇಲೆ ಕೈ ಎತ್ತಿದರೆ ಹಿಡಿದುಕೊಳ್ಳುತ್ತದಾ ಎಂದು ಕೇಳಿದ. ಅಷ್ಟು ವರ್ಷದಲ್ಲಿ ಹಾಗೆ ಕೇಳಿದವರು ಒಬ್ಬರೂ ಇಲ್ಲ. ಅವತ್ತೇ ನನಗೆ ಗೊತ್ತಾಯಿತು, ನಾನು ಕೆಟ್ಟೆ ಎಂದು. ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಮೂಗು ಒಡೆದ ಕೈಯನ್ನು ಯಾರಿಗೆ ಕೊಡಲಿ?

ಕೊನೆಯ ಗೋಡೆ ಮುಗಿಯುತ್ತಿತ್ತು. ಬಣ್ಣ ಒಣಗಲೆಂದು ಕಿಟಕಿ, ಬಾಗಿಲು, ಬೀದಿಬಾಗಿಲು ಎಲ್ಲ ತೆರೆದಿಟ್ಟಿದ್ದೆ. ನಾನು ಯಾರದೋ ಬೆಡ್‌ರೂಮಿನಲ್ಲಿ ಇದ್ದೇನೆ ಎಂದು ಪೈಲ್ವಾನನ ಕಿವಿಗೆ ಯಾರೋ ಹಾಕಿದ್ದರು. ಬಿಟ್ಟ ಹೆಂಡತಿಯಾದರೂ ಅವನಿಗೆ ಮಾನದ ಪ್ರಶ್ನೆ. ಹಿಂದಿನಿಂದ ಜಡೆ ಹಿಡಿದದ್ದು ಗೊತ್ತಾಗುವಷ್ಟರಲ್ಲಿ ನನ್ನ ಹಣೆ ಗೋಡೆಗೆ ಬಡಿದಿತ್ತು. ಬಾಯಿ, ಕಣ್ಣು ಎಲ್ಲ ಹಸಿ ನೀಲಿ. ಮತ್ತೊಮ್ಮೆ ಬಡಿದ. ಇನ್ನೊಮ್ಮೆ ಬಡಿದ. ಅದೇ ಹಳೆಯ ಬೈಗುಳ, ಬಾಯಿಪಾಠ ಒಪ್ಪಿಸುವವನ ಹಾಗೆ, ಅದೇ ಕ್ರಮದಲ್ಲಿ.

ನರ್ಸಪ್ಪ ಓಡಿ ಬಂದು ಅವನ ಕುತ್ತಿಗೆಗೆ ಜೋತುಬಿದ್ದ. ಪೈಲ್ವಾನ ಅವನನ್ನು ಎತ್ತಿ ಎಸೆದು, ಪ್ಲಾಸ್ಟರಿನ ಮೇಲೆಯೇ ಗುದ್ದಿ, ಬಲಗೈಯನ್ನು ಹಿಂದಕ್ಕೆ ತಿರುಚಿ ಮುರಿದ. ನರ್ಸಪ್ಪ ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ನನ್ನ ಕೈಗೆ ಗೋಡೆ ಕೆರೆಯುವ ಬ್ಲೇಡು ಸಿಕ್ಕಿತು. ಬೀಸಿದೆ. ಪೈಲ್ವಾನನ ತೋಳು ಒಳಬದಿಯಲ್ಲಿ ಸೀಳಿ, ರಕ್ತ ಚಿಲ್ಲೆಂದು ಸೀಲಿಂಗಿನವರೆಗೆ ಚಿಮ್ಮಿತು. ಅವನು ಬೆಪ್ಪಾಗಿ ತನ್ನ ತೋಳನ್ನೇ ನೋಡುತ್ತಾ ಕುಸಿದ. ನಾನು ಎದೆಗೆ ಗುರಿಯಿಟ್ಟು ಮತ್ತೆ ಕೈಯೆತ್ತಿದೆ.

ನರ್ಸಪ್ಪ ತೆವಳಿಕೊಂಡು ಮಧ್ಯೆ ಬಂದ. ನೆಲಕ್ಕೆ ಹಾಸಿದ್ದ ಹಳೆ ಬೆಡ್‌ಶೀಟನ್ನು ಎಡಗೈಯಿಂದ ಎಳೆದು ಗಾಯಕ್ಕೆ ತುರುಕಿ, ಅದರ ಮೇಲೆ ಮಂಡಿಯೂರಿದ. ಫೋನನ್ನು ನೆಲದ ಮೇಲಿಟ್ಟು ತನ್ನ ವಾರ್ಡಿಗೇ ಕರೆ ಮಾಡಿ ಆಂಬುಲೆನ್ಸ್ ಕಳಿಸಿ ಅಂದ. ಮಂಡಿ ಜಾರುತ್ತಿತ್ತು, ಬಟ್ಟೆ ನೆನೆಯುತ್ತಲೇ ಇತ್ತು. ಬಂದು ಎರಡು ಕೈಯಲ್ಲೂ ಒತ್ತಿ ಎಂದು ನನಗೆ ಹೇಳಿದ.

ನನ್ನ ಮೈಯೆಲ್ಲ ಉರಿದುಹೋಯಿತು. "ಬಿಡು, ಸಾಯಲಿ" ಎಂದೆ.

"ಸಾಯಬಾರದು."

"ನನಗೆ ಏನೇನು ಮಾಡ್ದ ಅಂತ ಎಲ್ಲಾ ಹೇಳಿದೀನಿ. ಈಗ ನಿನ್ನ ಕೈ ಮುರಿದ. ಅಂಥವನ ಪ್ರಾಣ ಹಿಡ್ಕೊಂಡು ಕೂತಿದೀಯಲ್ಲ, ನೀನು ಮನುಷ್ಯನಾ?"

ಅವನ ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಮುರಿದ ಕೈ ಪಕ್ಕದಲ್ಲಿ ನೇತಾಡುತ್ತಿತ್ತು. ಅಷ್ಟು ದಿನ ಮೆತ್ತಗೆ ಮಾತಾಡಿದವನು ಮೊದಲ ಸಲ ನನ್ನ ಮೇಲೆ ರೇಗಿದ.

"ಇವನು ಏನಾದ್ರೂ ಹಾಳಾಗಿ ಹೋಗ್ಲಿ, ನನಗೇನು? ಇವನು ಸತ್ರೆ ನಿನ್ನನ್ನ ಕರ್ಕೊಂಡು ಹೋಗ್ತಾರೆ ಕಣೇ. ಆಮೇಲೆ ನಾನು ಈ ರೂಮಲ್ಲಿ ಒಬ್ಬನೇ ಬಿದ್ದಿರ್ಲಾ? ನನಗೆ ನೀನು ಬೇಕು. ಬಾ ಇಲ್ಲಿ, ಒತ್ತು."

ಯಾರಾದರೂ ದನಿ ಏರಿಸಿದರೆ ಬಿಗಿಯುವ ನನ್ನ ಮುಷ್ಟಿಯಿಂದ ಬ್ಲೇಡು ಬಿದ್ದುಹೋಯಿತು. ಪಕ್ಕದಲ್ಲಿ ಕೂತೆ. ಅವನು ತೋರಿಸಿದ ಜಾಗದಲ್ಲಿ ಎರಡೂ ಅಂಗೈ ಊರಿ ಮೈಯ ಭಾರವನ್ನೆಲ್ಲ ಹಾಕಿದೆ. ಬೆರಳ ಸಂದಿಯಲ್ಲಿ ಬಿಸಿ ರಕ್ತ, ಮೊಣಕೈವರೆಗೂ ನೀಲಿ. ನರ್ಸಪ್ಪ ತನ್ನ ಎಡಗೈಯನ್ನು ನನ್ನ ಕೈಗಳ ಮೇಲಿಟ್ಟು, ಹೀಗೇ, ಬಿಡಬೇಡ ಎಂದ. ನಾನೂ ಅಲ್ಲಿಯೇ ಹೇಳಿಬಿಟ್ಟೆ, ನನಗೂ ನೀನು ಬೇಕು ಎಂದು. ಕೆಳಗೆ ಬಿದ್ದಿದ್ದ ಪೈಲ್ವಾನ ಅದನ್ನು ಕೇಳಿಸಿಕೊಂಡು, ಒಣಗಿದ ಬಾಯಲ್ಲೇ ಇಬ್ಬರನ್ನೂ ಬೈದ. ಬಯ್ಯುತ್ತಾ ಇರು ಮಾರಾಯ, ನಿಲ್ಲಿಸಬೇಡ ಎಂದೆ. ಅವನನ್ನು ಮದುವೆಯಾದ ಮೇಲೆ ಮೊಟ್ಟಮೊದಲ ಬಾರಿಗೆ, ಈ ಮನುಷ್ಯ ಬದುಕಲಿ ಎಂದು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಬದುಕಿದ, ಪಾಪಿ. ಮನೆಗೆ ನುಗ್ಗಿ ಹೊಡೆದದ್ದಕ್ಕೆ ಜೈಲಿಗೆ ಹೋದವನೂ ಅವನೇ. ನಾನು ಮನೆಗೆ ಬಂದೆ, ಆ ಕಡುನೀಲಿ ಕೋಣೆಯ ಮನೆಗೆ.