ಹದಿನಾಲ್ಕನೆಯ ಕಡ್ಡಿ

ಕುಮಾರಧಾರೆ ಹೊಳೆಯ ಮೊಸಳೆಯ ಬಾಯಿಯನ್ನು ಎರಡೇ ಬೆರಳಲ್ಲಿ ತೆರೆದು, ಹುಳುಕು ಹಲ್ಲೊಂದನ್ನು ಕಿತ್ತು, ಅದರಿಂದ ನಮಸ್ಕಾರ ಮಾಡಿಸಿಕೊಂಡು ಬಂದವನು ತ್ಯಾಂಪಣ್ಣ. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಅವನು ನರಿಮೊಗರಿನಲ್ಲಿ ಹೆಂಗಸರು ಕಟ್ಟಿ ತಂದ ಬೀಡಿ ಪಾಸು ಮಾಡುವ ಚೆಕ್ಕರ್. ಈ ಕಥೆ ಹೇಳಿದವನೂ ಅವನೇ.

ಎಲ್ಲರೂ ನಕ್ಕರು. ಬೀಡಿ ತಂದಿದ್ದ ವಾರಿಜಾಕ್ಷಿ ಮಾತ್ರ ತುಟಿಯನ್ನಷ್ಟೇ ಅಲುಗಿಸಿದಳು. ಎಂಥ ಜಂಬ, ಅಂದುಕೊಂಡ ತ್ಯಾಂಪಣ್ಣ. ಆದರೆ ಅವಳ ಕಣ್ಣು ಬೀಡಿ ಗೆರಸೆಯಿಂದ ಮೆಲ್ಲಗೆ ಎದ್ದು ಇವನನ್ನು ಮುಟ್ಟಿ ಇಳಿದಾಗ, ಅವನ ಲೆಕ್ಕದಲ್ಲಿ, ಮಾಡಿನ ಮೂರು ಹೆಂಚು ಹಾರಿಹೋದವು.

"ಅವಳಿಗೆ ಬಾಯಿ ಬಿಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ," ಎಂದಳು ಅವಳ ಅಮ್ಮ ಸೀತು. "ಆರು ವರ್ಷ ಇರುವಾಗ ಗೇರುಮರದಿಂದ ಬಿದ್ದು ಗದ್ದ ಕುಟ್ಟಿಕೊಂಡದ್ದು. ಆಮೇಲೆ ಬರೀ ಗಂಜಿತಿಳಿ."

ಮಂಗಳೂರಿನ ಡಾಕ್ಟರನ್ನು ಹುಡುಕಿದವನು ತ್ಯಾಂಪಣ್ಣನೇ. ಅವರು ಅವಳ ಕಿವಿಯ ಮುಂದೆ ಬೆರಳೊತ್ತಿ ಬಾಯಿ ತೆರೆಯಲು ಹೇಳಿದರು. ಎಡಗಡೆ ಏನೂ ಅಲುಗಲಿಲ್ಲ. ಎಕ್ಸ್‌ರೇಯಲ್ಲಿ ಕೀಲಿನ ಸಂದೇ ಕಾಣಲಿಲ್ಲ. ದವಡೆ ತಲೆಬುರುಡೆಗೆ ಬೆಸೆದುಹೋಗಿತ್ತು. ಅಪರೂಪದ ಕಾಯಿಲೆ, ಎಂದರು. ಬೆಸೆದ ಮೂಳೆ ಕೊಯ್ದು, ನಡುವೆ ಮಾಂಸದ ಪದರ ಇಟ್ಟು ಹೊಲಿದರು. ಮನೆಗೆ ಕಳಿಸುವಾಗ, ಹಲ್ಲುಗಳ ನಡುವೆ ಐಸ್‌ಕ್ಯಾಂಡಿ ಕಡ್ಡಿ ಒಂದರ ಮೇಲೊಂದು ಇಟ್ಟು ದಿನಾ ಬಾಯಿ ಅಗಲಿಸಬೇಕು, ಬಿಟ್ಟರೆ ಮೂಳೆ ಮತ್ತೆ ಕೂಡಿಕೊಳ್ಳುತ್ತದೆ ಎಂದು ಎಚ್ಚರಿಸಿದರು.

ಕಡ್ಡಿ ತರುವ ಕೆಲಸ ತ್ಯಾಂಪಣ್ಣ ವಹಿಸಿಕೊಂಡ. "ಕಡ್ಡಿ ಕೊಟ್ಟು ಹೋಗುವ ಅಂತ ಬಂದೆ, ಅಷ್ಟೇ," ಎಂದು ದಿನಾ ಜಗಲಿಯಲ್ಲಿ ಕೂರುತ್ತಿದ್ದ.

ಒಂದೊಂದಾಗಿ ಏರಿದ ಕಡ್ಡಿಗಳ ಲೆಕ್ಕ ಒಂಬತ್ತಕ್ಕೆ ನಿಂತಿತು. ನಾಲ್ಕು ದಿನವೂ ಒಂಬತ್ತೇ. ನೋವಿಗೆ ಅವಳ ಕಣ್ಣಲ್ಲಿ ನೀರು. "ಸಾಕು. ನನಗೆ ಗಂಜಿಯೇ ಬರೆದದ್ದು," ಎಂದು ಕಡ್ಡಿ ಬದಿಗಿಟ್ಟಳು. ಆ ದಿನ ತ್ಯಾಂಪಣ್ಣನಿಗೆ ಅನ್ನ ಇಳಿಯಲಿಲ್ಲ.

ಮರುದಿನ ಅವನು ಹೊಸ ಕಡ್ಡಿ ತಂದು ಒತ್ತಾಯಿಸಿದ. ಹತ್ತು. ಆಮೇಲೆ ಹನ್ನೊಂದು, ಹನ್ನೆರಡು, ಹದಿಮೂರು.

ಹದಿನಾಲ್ಕನೆಯದನ್ನು ಅವಳು ಬಾಯಿಗಿಡಲಿಲ್ಲ. ದಿನಕ್ಕೆ ಸಾವಿರ ಬೀಡಿ ಸುತ್ತುವ ಬೆರಳುಗಳ ನಡುವೆ ತಿರುಗಿಸಿ ನೋಡಿದಳು.

"ಇದು ಸಪುರ ಉಂಟಲ್ಲ? ಮೊದಲಿನದ್ದು ದಪ್ಪ ಇತ್ತು."

"ಈಗ ಕಂಪೆನಿಯವರು ಹಾಗೇ ಮಾಡುದು."

"ಒಂದು ಬೀಡಿ ಸಪುರ ಆದ್ರೆ ಕಟ್ಟೇ ಬಿಸಾಡುವವರು ನೀವು. ಇದನ್ನು ಹೇಗೆ ಪಾಸು ಮಾಡಿದ್ದು?"

ಅವನು ತಲೆ ತಗ್ಗಿಸಿದ. "ನಾನೇ ಕೆತ್ತಿ ಸಪುರ ಮಾಡಿದ್ದು. ಹತ್ತರಿಂದ ಎಲ್ಲವೂ. ನೀನು ಬಿಟ್ಟುಬಿಡ್ತಿ ಅಂತ ಹೆದರಿಕೆ ಆಯ್ತು."

ಅವಳ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ನಾನು ಒಂಬತ್ತರಲ್ಲೇ ಇದ್ದೇನಾ?"

ಉತ್ತರಕ್ಕೆ ಕಾಯದೆ ಹಳೆಯ ದಪ್ಪ ಕಡ್ಡಿಗಳನ್ನೇ ಎಣಿಸಿ ಹಲ್ಲುಗಳ ನಡುವೆ ಇಟ್ಟುಕೊಂಡಳು. ಒಂಬತ್ತು. ಹತ್ತನೆಯದೂ ಸಲೀಸಾಗಿ ಒಳಗೆ ಸರಿಯಿತು. ಹನ್ನೊಂದನೆಯದಕ್ಕೆ ಅವಳು ಅವನ ಮಣಿಕಟ್ಟು ಹಿಡಿದಳು. ಉಗುರು ಚರ್ಮಕ್ಕೆ ಇಳಿಯಿತು. ಕಡ್ಡಿ ಒಳಗೆ ಹೋಯಿತು.

ಕಡ್ಡಿಗಳನ್ನು ತೆಗೆದಳು. ಕೈ ಬಿಡಲಿಲ್ಲ.

"ಇನ್ನೆಂತ ಸುಳ್ಳು ಉಂಟು?"

"ಮೊಸಳೆದು."

"ಅದು ಗೊತ್ತುಂಟು. ಮತ್ತೆ?"

"ಕಡ್ಡಿ ಕೊಡ್ಲಿಕ್ಕೆ ಬರುದು ಅಂತ ಹೇಳಿದ್ದು," ಎಂದ ತ್ಯಾಂಪಣ್ಣ, ಮೊದಲ ಬಾರಿಗೆ ಮೆಲುದನಿಯಲ್ಲಿ. "ನಿನ್ನನ್ನು ನೋಡ್ಲಿಕ್ಕೆ ಬರುದು."