ಬಲಗಡೆಯ ಶಿಫ್ಟ್ ಕೀ

ಬುಧವಾರ ನಾಲ್ಕು ಗಂಟೆಗೆ ಅವನು ಬಂದೇ ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮೂರೂವರೆಯಿಂದ ಒಂದೇ ಸ್ಕ್ರೂವನ್ನು ಬಿಗಿ ಮಾಡಿ, ಸಡಿಲಿಸಿ, ಮತ್ತೆ ಬಿಗಿ ಮಾಡುತ್ತಾ ಕೂತಿದ್ದಳು.

ಅವಳದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ, ಅಪ್ಪನ ಕಾಲದ್ದು. ಕೌಂಟರಿನ ಒಳಗೆ ಎರಡು ಕುರ್ಚಿ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಅವರ ಕುರ್ಚಿಯ ಮೇಲೀಗ ಹಳೇ ಕೀಬೋರ್ಡುಗಳ ರಾಶಿ. ಬಂದವರೆಲ್ಲ ಅವಳನ್ನು ಕೇಳುವುದು ಒಂದೇ ಮಾತು, "ಯಾವಾಗ ರೆಡಿ ಆಗುತ್ತೆ?"

ಅವನೊಬ್ಬ ಬೇರೆ. ಔಷಧಿ ಡಬ್ಬಿಯೊಳಗೆ ಮಡಚಿಟ್ಟಿರುತ್ತಾರಲ್ಲ, ಯಾರೂ ಓದದ ಚೀಟಿ, ಅದನ್ನು ಅನುವಾದ ಮಾಡುವುದು ಅವನ ಕೆಲಸ. ಮನೆಯಲ್ಲಿ ಒಬ್ಬನೇ.

"ಮತ್ತೆ ಕೈಕೊಡ್ತು ನೋಡಿ ಮೇಡಂ," ಎಂದು ಲ್ಯಾಪ್‌ಟಾಪ್ ಮುಂದಿಟ್ಟ. "ಕೀ ಅಮುಕಿ ಹಿಡ್ಕೊಂಡ್ರೆ ಮಾತ್ರ ಅಕ್ಷರ ಬೀಳುತ್ತೆ. ಮೆಲ್ಲಗೆ ಮುಟ್ಟಿದ್ರೆ ಊಹೂಂ."

"ನೀರು ಗೀರು ಚೆಲ್ಲಿದ್ರಾ?"

"ಪ್ರತಿ ಸಲ ಕೇಳ್ತೀರಿ. ಪ್ರತಿ ಸಲ ಇಲ್ಲ ಅಂತೀನಿ."

"ಕೇಳ್ಲೇಬೇಕು. ನಮ್ಮ ಕಸುಬು."

ಅವನು ನಕ್ಕ. ನಕ್ಕರೆ ಅವನ ಕನ್ನಡಕ ಮೂಗಿನ ಮೇಲೆ ಒಂದಿಷ್ಟು ಜಾರುತ್ತದೆ. ಅವನು ಅದನ್ನು ಮೇಲೇರಿಸುವವರೆಗೂ ಇವಳಿಗೆ ಕಣ್ಣು ಕೀಳಲಾಗುವುದಿಲ್ಲ.

ನಿಜ ಹೇಳಬೇಕೆಂದರೆ ಕೀಬೋರ್ಡಿಗೆ ಏನೂ ಆಗಿರಲಿಲ್ಲ. ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ಒಂದು ಸೆಟ್ಟಿಂಗ್ ತಾನಾಗಿಯೇ ಆನ್ ಆಗುತ್ತದೆ. ಆಮೇಲೆ ಮೆಲ್ಲಗೆ ಒತ್ತಿದ ಯಾವ ಅಕ್ಷರವೂ ಮೂಡುವುದಿಲ್ಲ. ಯೋಚನೆಗೆ ಬಿದ್ದಾಗ ಅವನ ಕಿರುಬೆರಳು ಅಲ್ಲೇ ಕೂತುಬಿಡುತ್ತಿತ್ತು. ಎರಡನೇ ಬುಧವಾರವೇ ಅವಳಿಗೆ ಇದು ತಿಳಿದಿತ್ತು. ಶಿಫ್ಟ್ ಒತ್ತಿದರೆ ಸೆಟ್ಟಿಂಗ್ ಆನ್ ಆಗುವ ಆ ಶಾರ್ಟ್‌ಕಟ್‌ನ ಟಿಕ್ ತೆಗೆದರೆ ತೊಂದರೆ ಶಾಶ್ವತವಾಗಿ ಮುಗಿಯುತ್ತಿತ್ತು. ಅವಳು ತೆಗೆದಿರಲಿಲ್ಲ. ಆ ಸಲಕ್ಕೆ ಸೆಟ್ಟಿಂಗನ್ನಷ್ಟೇ ಆಫ್ ಮಾಡಿ, ಪುಕ್ಕಟೆಯಾಗಿ ಕಳಿಸುತ್ತಿದ್ದಳು. ಇದು ಆರನೇ ಬುಧವಾರ.

"ನಿನ್ನೆ ಒಂಬತ್ತು ಪುಟ ಹೀಗೇ ಅಮುಕಿ ಅಮುಕಿ ಬರೆದೆ," ಅವನು ಬೆರಳು ಚಾಚಿ ತೋರಿಸಿದ. "ಇವತ್ತು ಕೊಡ್ಲೇಬೇಕಿತ್ತು."

ಬೆರಳ ತುದಿಗಳು ಊದಿ ಕೆಂಪಾಗಿದ್ದವು. ಅವಳು ಸೆಟ್ಟಿಂಗ್ ತೆರೆದು ಟಿಕ್ ತೆಗೆದಳು. ಆಮೇಲೆ ಎಲ್ಲವನ್ನೂ ಹೇಳಿದಳು.

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ಸರಿ ಮಾಡಿಬಿಟ್ರೆ ನೀವು ಬರ್ತಿರ್ಲಿಲ್ಲ."

ಅವನು ತನ್ನ ಬೆರಳುಗಳನ್ನೇ ನೋಡಿಕೊಂಡ. ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದು ಹೊರಟೇಹೋದ.

ಆ ವಾರ ಅಂಗಡಿಯಲ್ಲಿ ಕೆಲಸಕ್ಕೇನೂ ಕಡಿಮೆಯಿರಲಿಲ್ಲ. ಆದರೂ ಯಾರಾದರೂ ಬಾಗಿಲು ತಳ್ಳಿದರೆ ಸಾಕು, ತಲೆ ಎತ್ತುತ್ತಿದ್ದಳು. ಒಂಟಿಯಾಗಿರುವುದು ಅವಳಿಗೆ ಹೊಸದಲ್ಲ. ಹೀಗೆ ದಾರಿ ಕಾಯುವುದು ಮಾತ್ರ ಹೊಸದು, ಅದು ನೋಯುತ್ತಿತ್ತು.

ಮುಂದಿನ ಬುಧವಾರ ನಾಲ್ಕಾಯಿತು, ನಾಲ್ಕೂವರೆಯಾಯಿತು. ಐದಕ್ಕೆ ಅವನು ಬಂದ, ಹೆಗಲಲ್ಲಿ ಅದೇ ಬ್ಯಾಗು.

"ಮತ್ತೆ ಕೆಟ್ಟಿತಾ? ಸಾಧ್ಯವೇ ಇಲ್ಲ!" ಕಸುಬಿನ ಜಂಬ ತಡೆಯಲಾಗದೆ ಅವಳು ಬ್ಯಾಗನ್ನು ಎಳೆದುಕೊಂಡು ಜಿಪ್ ತೆಗೆದಳು. ಒಳಗೆ ಏನೂ ಇರಲಿಲ್ಲ.

"ಲ್ಯಾಪ್‌ಟಾಪ್ ಎಲ್ಲಿ?"

"ಮನೇಲಿದೆ. ಚೆನ್ನಾಗಿದೆ." ಅವನು ನೆಲ ನೋಡಿದ. "ಎರಡು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಆಮೇಲೆ, ಬುಧವಾರ ಏನು ಮಾಡ್ಲಿ ಅಂತ ಚಿಂತೆ ಹತ್ತಿಕೊಳ್ತು. ಬರೀ ಕೈಲಿ ಬರೋಕೆ ನಾಚಿಕೆ ಆಯ್ತು. ಅದಕ್ಕೇ ಬ್ಯಾಗು."

ಅವಳಿಗೆ ನಗು ಬಂತು, ಅಳುವೂ ಬಂತು. "ಒಂದು ಮಾತು ಕೇಳ್ಲಾ? ಶಿಫ್ಟ್ ಮೇಲೆ ಬೆರಳಿಟ್ಟು ಅಷ್ಟು ಹೊತ್ತು ಏನು ಯೋಚಿಸ್ತೀರಿ?"

"ಮೊದಲನೇ ಸಲ ಏನೂ ಇಲ್ಲ. ಸುಮ್ನೆ ಮನೆ ಬಾಗಿಲು ನೋಡ್ತಿದ್ದೆ. ಯಾರೂ ಬರಲ್ಲ ಅಂತ ಗೊತ್ತಿತ್ತು, ಆದ್ರೂ ನೋಡ್ತಿದ್ದೆ." ಕನ್ನಡಕ ಜಾರಿತು, ಮೇಲೇರಿಸಲಿಲ್ಲ. "ಆಮೇಲಿನ ಐದು ಸಲ, ನಿಮ್ಮನ್ನ ನೆನೆಸ್ಕೊಳ್ತಿದ್ದೆ."

ಅವಳು ಹಿಂದೆ ತಿರುಗಿದಳು. ಅಪ್ಪನ ಕುರ್ಚಿಯ ಮೇಲಿನ ಕೀಬೋರ್ಡುಗಳನ್ನು ಒಂದೊಂದಾಗಿ ಕೆಳಗಿಳಿಸಿ, ಬಟ್ಟೆ ತೆಗೆದುಕೊಂಡು ಮೂರು ವರ್ಷದ ಧೂಳು ಒರೆಸಿದಳು.

"ಒಳಗೆ ಬನ್ನಿ," ಎಂದಳು. "ಕೂತ್ಕೊಳ್ಳಿ."